ಗಿಂಡಿ ಸಮೇತ ಎದ್ದುಹೋದ ಸೋದರಮಾವ

ಕೋಟೇಶ್ವರದ ಅಣ್ಣಯ್ಯ ಹೆಗ್ಡೆಯವರಿಗೆ ಯಾವ ರೋಗವೂ ಇಲ್ಲ. ಇದು ಸ್ವತಃ ಅವರೇ ಕೊಟ್ಟುಕೊಂಡ ತೀರ್ಪು. ಊರಿಗೆ ಮರಳುವ ಮೊದಲು ದಾವಣಗೆರೆಯಲ್ಲಿ ತಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಬೆಳಿಗ್ಗೆ ಕೂತರೆ, ಮಧ್ಯಾಹ್ನದ ಊಟದ ಗಲಾಟೆ ಮುಗಿಯುವವರೆಗೆ ಜಪ್ಪಯ್ಯ ಎಂದರೂ ಏಳದೆ ಬಾಳಿದ ಆಸಾಮಿ ಅವರು. ಅಂಥವರನ್ನು ಮಲಗಿಸಿ, ಹೊಟ್ಟೆ ಒತ್ತಿ, 'ಮೂತ್ರಕ್ಕೆ ತಡೆ ಬಿದ್ದಿದೆ' ಎಂದು ಕುಂದಾಪುರದ ಡಾಕ್ಟರು ಹೇಳಿಬಿಟ್ಟರೆ ಸಿಟ್ಟು ಬರದೆ ಇರುತ್ತದೆಯೇ?

ಆದದ್ದಿಷ್ಟು. ತಂಗಿ ರತ್ನನ ಮಗಳು ದಿವ್ಯಾಳ ಮದುವೆಗೆ ಎರಡು ವಾರ ಇದೆ ಎನ್ನುವಾಗ ಹೆಗ್ಡೆಯವರಿಗೆ ಉರಿಮೂತ್ರ, ಮೇಲಿಂದ ಚಳಿಜ್ವರ. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದೆಸಿದರೂ ಮಂಚ ಗಡಗಡ ಎನ್ನುತ್ತಿತ್ತು. ಹೆಂಡತಿ ಕುಸುಮಾವತಿ ರಿಕ್ಷಾ ಕರೆಸಿ, ಗಂಡನನ್ನು ಕಂಬಳಿ ಸಮೇತ ಆಸ್ಪತ್ರೆಗೆ ಸಾಗಿಸಿದರು. ಡಾಕ್ಟರು ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮಾಡಿಸಿ ಬಿಡಿಸಿ ಹೇಳಿದರು. ಪ್ರೊಸ್ಟೇಟ್ ಗ್ರಂಥಿ ದಪ್ಪವಾಗಿ ದಾರಿಯನ್ನು ಒತ್ತಿದೆ. ಮೂತ್ರಚೀಲ ಪೂರ್ತಿ ಖಾಲಿಯಾಗುತ್ತಿಲ್ಲ. ತಳದಲ್ಲಿ ನಿಂತದ್ದರಲ್ಲಿ ಬ್ಯಾಕ್ಟೀರಿಯಾಗಳು ಸಂಸಾರ ಹೂಡಿವೆ.

"ಎರಡು ವಾರ ಆಂಟಿಬಯೋಟಿಕ್. ಜ್ವರ ಬಿಟ್ಟಿತು ಅಂತ ಮಾತ್ರೆ ಬಿಡಬೇಡಿ. ಅವು ಗ್ರಂಥಿಯೊಳಗೆ ಅಡಗಿ ಕೂತಿರ್ತವೆ," ಎಂದರು ಡಾಕ್ಟರು.

ವಾರ ತುಂಬುವ ಮೊದಲೇ ಜ್ವರ ಬಿಟ್ಟಿತು. ಅದೇ ದಿನ ಹೆಗ್ಡೆಯವರು ಮಾತ್ರೆ ಬಿಟ್ಟರು. ಹೆಂಡತಿ ಕೊಟ್ಟದ್ದನ್ನು ಬಾಯಿಗೆ ಹಾಕಿ, ದವಡೆಯಲ್ಲಿ ಒತ್ತಿ ಹಿಡಿದು, ಹಿತ್ತಲಿಗೆ ಹೋಗಿ ಬಸಳೆ ಚಪ್ಪರದ ಬುಡಕ್ಕೆ ಉಗಿಯುವುದು ಅವರ ನಿತ್ಯಕರ್ಮವಾಯಿತು. (ಆ ವರ್ಷ ಬಸಳೆಗೆ ಯಾವ ಸೋಂಕೂ ತಗಲಲಿಲ್ಲ ಎಂಬುದನ್ನು ಒಪ್ಪಲೇಬೇಕು.)

"ಹ್ವಾಯ್, ರತ್ನನ ಹತ್ರ ಒಂದ್ ಮಾತ್ ಹೇಳಿ," ಎಂದರು ಕುಸುಮಾವತಿ. "ಹುಷಾರಿಲ್ಲೆ, ಧಾರೆ ಕಿಟ್ಟ ಎರಿಲಿ ಅಂದ್ರೆ ಎಂತ ನಷ್ಟ ನಿಮ್ಗೆ?"

"ಕಿಟ್ಟನಾ? ನನ್ನ್ ಜೀವ ಇಪ್ಪಲ್ಲಿವರಿಗೆ ಆತಿಲ್ಲೆ!"

ಕಿಟ್ಟ ಎಂದರೆ ಹೆಗ್ಡೆಯವರ ತಮ್ಮ, ಮುಂಬಯಿಯಿಂದ ಈಚೆಗೆ ಮರಳಿದವನು. ಇವರ ಮನೆಯಲ್ಲಿ ಸೋದರಸೊಸೆಯ ಧಾರೆ ಎರೆಯುವುದು ಹಿರಿಯ ಸೋದರಮಾವನ ಹಕ್ಕು. ಅವನಿಗೆ ಮೈ ಸರಿಯಿಲ್ಲದಿದ್ದರೆ ಮಾತ್ರ ಕಿರಿಯವನಿಗೆ. ಹಾಗಾಗಿ ಈ ಕಾಯಿಲೆಯ ಸುದ್ದಿ ಮನೆಯ ಗೇಟು ದಾಟಕೂಡದು.

"ದಿವ್ಯನ್ನ ಹೆಗ್ಲ್ ಮೇಲೆ ಕೂರ್ಸ್ಕಂಡ್ ಸಮುದ್ರ ತೋರ್ಸದ್ದ್ ನಾನ್. ಅವ್ಳ್ ಮೊದ್ಲ್ ಅಂದದ್ದ್ 'ಮಾಮಾ' ಅಂದೇಳಿ. ಕಣ್ಣಿಗ್ ಕಾಣದ್ ಹುಳ ಬಂದ್ ನನ್ನ್ ಹಕ್ಕ್ ಕಿತ್ಕಂಬುದಾ? ಕಾಂಬ!"

ಮದುವೆಯ ಬೆಳಿಗ್ಗೆ ಮತ್ತೆ ಸಣ್ಣಗೆ ಉರಿ ಶುರುವಾಗಿತ್ತು. ಹೆಗ್ಡೆಯವರು ಅದನ್ನು ಗಣನೆಗೆ ತೆಗೆದುಕೊಳ್ಳದೆ ನಿರ್ಜಲ ವ್ರತ ಹಿಡಿದರು. ಕುಡಿದರೆ ತಾನೇ ಹೋಗಬೇಕು! ಕೋಟದ ಕಲ್ಯಾಣ ಮಂಟಪದಲ್ಲಿ ಕಾಫಿ ಬಂದರೆ ಬೇಡವೆಂದು ಕೈಯಾಡಿಸಿದರು, ಎಳನೀರು ಬಂದರೆ ಮುಖ ತಿರುಗಿಸಿದರು. ಕೆಂಪಂಚಿನ ಪಂಚೆ, ಹೆಗಲಿಗೆ ಶಾಲು. ವೇದಿಕೆ ಹತ್ತಿ ಕಿಟ್ಟನ ಕಡೆ ಒಂದು ನೋಟ ಬೀರಿದರು.

ಪುರೋಹಿತರು ಕೊಡಪಾನದಿಂದ ಗಿಂಡಿಗೆ ನೀರು ತುಂಬಿಸತೊಡಗಿದರು. ಗುಳುಗುಳು. ಆ ಸದ್ದು ಕೇಳಿದ್ದೇ ತಡ, ಹೆಗ್ಡೆಯವರ ಕಿಬ್ಬೊಟ್ಟೆಯಲ್ಲಿ ಏನೋ ಎಚ್ಚರಾಯಿತು. ಹಲ್ಲು ಕಚ್ಚಿದರು. ಗಿಂಡಿ ನೆಂಟರಿಷ್ಟರ ಕೈ ಮುಟ್ಟಿಸಿಕೊಂಡು ಮಂಟಪವಿಡೀ ಸುತ್ತಿ ಬರುವಷ್ಟು ಹೊತ್ತು ಕಾಲಿಗೆ ಕಾಲು ಹೆಣೆದು ನಿಂತರು. (ಕೊಳಲೊಂದು ಕಡಿಮೆ.) ಕೊನೆಗೂ ಗಿಂಡಿ ಕೈಗೆ ಬಂತು. ವಾದ್ಯದವರು ಸ್ವರ ಏರಿಸಿದರು. ಹೆಗ್ಡೆಯವರು ಗಿಂಡಿಯನ್ನು ಬಗ್ಗಿಸಿದರು. ಅದರ ಕೊಂಬಿನಂಥ ಮೂತಿಯ ತುದಿಯಲ್ಲಿ ಒಂದು ಹನಿ ಹೊಳೆಯುತ್ತ ಬಂದು ನಿಂತಿತು. ಅದನ್ನು ಕಂಡದ್ದೇ, ಅದು ಬೀಳುವುದಕ್ಕೂ ಕಾಯದೆ ವೇದಿಕೆಯಿಂದ ಹಾರಿ ಓಡಿದರು. ಗಿಂಡಿ ಕೈಯಲ್ಲೇ ಇತ್ತು.

ಸೋದರಮಾವ ಸಿಟ್ಟು ಮಾಡಿಕೊಂಡು ಮದುವೆಯಿಂದ ಎದ್ದುಹೋಗುವುದು ಹೊಸ ಸಂಗತಿಯೇನಲ್ಲ. ಸಭೆಯೂ ಹಾಗೆಯೇ ತಿಳಿಯಿತು. ಗಂಡಿನ ಅಪ್ಪ, ಬೈಂದೂರಿನ ಶೀನ ಶೆಟ್ಟರು, ಹತ್ತಾರು ಜನರನ್ನು ಕಟ್ಟಿಕೊಂಡು ಪಾಯಿಖಾನೆಯ ಬಾಗಿಲಿಗೆ ಬಂದರು.

"ಹೆಗ್ಡ್ರೇ, ನಮ್ಮಿಂದ್ ಎಂತಾರೂ ತಪ್ಪಾಯ್ತಾ?"

ಒಳಗೆ ಹೆಗ್ಡೆಯವರ ಸ್ಥಿತಿ ಹೇಳತೀರದು. ಅವಸರ ಬೆಟ್ಟದಷ್ಟು, ಹೊರಗೆ ಬಂದದ್ದು ಒಂದು ಹನಿ. ಆದರೆ ರೋಗ ಒಪ್ಪುವುದಕ್ಕಿಂತ ಸಿಟ್ಟು ಎಷ್ಟೋ ಮರ್ಯಾದೆಯ ವಿಷಯವಲ್ಲವೇ?

"ಹೌದ್! ಸಿಟ್ಟೇ ಬಂದದ್ದ್!" ಎಂದು ಗುಡುಗಿದರು.

"ಎಂತಕ್ಕೆ?"

ಕಾರಣಕ್ಕೆ ತಡಕಾಡಿದರು. "ಕಾಫಿ! ನಂಗ್ ಕೊಟ್ಟ್ ಕಾಫಿ ತಣ್ಣಗ್ ಇದ್ದಿತ್ತ್!"

ಬಿಸಿ ಕಾಫಿ ಬಾಗಿಲಿಗೇ ಬಂತು. ಯಾರೋ ಅದನ್ನು ಆರಿಸಲೆಂದು ಲೋಟದಿಂದ ಲೋಟಕ್ಕೆ ಎತ್ತಿ ಸುರಿಯತೊಡಗಿದರು. ಆ ಸದ್ದಿಗೆ ಹೆಗ್ಡೆಯವರಿಗೆ ಕಣ್ಣು ಕತ್ತಲಿಟ್ಟಿತು. ಇಷ್ಟೊಂದು ಜನ ಕಿವಿ ಕೊಟ್ಟು ನಿಂತರೆ ಆರೋಗ್ಯವಂತನಿಗೂ ಆಗುವ ಕೆಲಸವೇ ಅದು?

"ಕಾಫಿ ಬ್ಯಾಡ! ನೀವೆಲ್ಲ ಇಲ್ಲಿಂದ ಹೋಯ್ನಿ ಮೊದ್ಲ್!"

ಶೆಟ್ಟರ ದನಿ ಬದಲಾಗಿತ್ತು. "ಕೇಂಡ್ರ್ಯಾ? ನಮ್ಮನ್ನ ಹೋಪುಕೆ ಹೇಳ್ರ್. ನಾವೇನ್ ಕರೀದೆ ಬಂದವ್ರಾ? ಮಗಾ, ಬಾಸಿಂಗ ಬಿಚ್ಚ್. ಬೈಂದೂರಿಗ್ ಹೋಪ."

"ಅಣ್ಣಾ, ನಿನ್ನ್ ಕಾಲ್ ಹಿಡಿತೆ!" ಎಂದು ರತ್ನ ಅಳುವುದು ಕೇಳಿತು. ಆಮೇಲೆ, ಅದಕ್ಕಿಂತ ಮೆತ್ತಗೆ, ದಿವ್ಯಾ ಬಿಕ್ಕುವುದೂ ಕೇಳಿತು. ಹಕ್ಕು ಹಾಳಾಗಲಿ, ಹುಡುಗಿಯ ಮದುವೆ ಮುರಿಯುತ್ತಿದೆ.

"ಶೆಟ್ರೇ, ನಿಲ್ಲಿ!" ಎಂದು ಮಂಟಪವೇ ಅದುರುವಂತೆ ಕೂಗಿದರು. "ಸಿಟ್ಟ್ ಅಲ್ಲ ಮಾರಾಯ್ರೆ! ಮೂತ್ರ ಕಟ್ಟಿತ್! ನಂಗ್ ಪ್ರೊಸ್ಟೇಟ್ ಇತ್ತ್, ಸೋಂಕ್ ಇತ್ತ್, ಗುಳ್ಗಿ ಎಲ್ಲ ಬಸಳೆ ಬುಡಕ್ ಹಾಕಿದೆ!"

"ಬಸಳೆ ಬುಡಕ್ಕಾ?" ಎಂದ ಕುಸುಮಾವತಿಯ ದನಿ ಅದಕ್ಕಿಂತ ಮೇಲೆ ಹೋಯಿತು.

ಶೆಟ್ಟರು ನಿಟ್ಟುಸಿರು ಬಿಟ್ಟು, "ಇಷ್ಟೇಯಾ! ಇದ್ನ್ ಮೊದ್ಲೇ ಹೇಳುಕಾತಿಲ್ಯಾ? ಬನ್ನಿ, ಬನ್ನಿ, ಮುಹೂರ್ತ ಹೋತ್ತ್," ಎಂದು ದಿಬ್ಬಣವನ್ನು ತಿರುಗಿಸಿದರು. ಪಾಯಿಖಾನೆ ಹೊಕ್ಕ ಗಿಂಡಿಯನ್ನು ಪುರೋಹಿತರು ಮುಟ್ಟುವಂತಿರಲಿಲ್ಲ. ಊಟದ ಕೋಣೆಯಿಂದ ಸ್ಟೀಲಿನ ನೀರಿನ ಜಗ್ಗು ತರಿಸಿದರು. ಕಿಟ್ಟ ಧಾರೆ ಎರೆದ. ವಾದ್ಯ ಮೊಳಗಿದ್ದನ್ನು ಹೆಗ್ಡೆಯವರು ಗೋಡೆಗೆ ಹಣೆ ಒತ್ತಿ ಕೇಳಿದರು. ಕಣ್ಣೀರು ಮಾತ್ರ ಯಾವ ತಡೆಯೂ ಇಲ್ಲದೆ ಸರಾಗವಾಗಿ ಹರಿಯಿತು.

"ಹೊರ್ಗ್ ಬನ್ನಿ. ಕಾರ್ ಬಂದಿತ್," ಎಂದರು ಕುಸುಮಾವತಿ. "ಡಾಕ್ಟ್ರಿಗ್ ಫೋನ್ ಮಾಡಿದೆ. ಮೂತ್ರ ಹೋಪುಕೆ ನಳಿಗೆ ಹಾಕ್ತ್ರಂಬ್ರ್. ಹಳೇ ಗುಳ್ಗಿ ಇನ್ ನಾಟುದ್ ಅನುಮಾನ, ಪರೀಕ್ಷೆ ಮಾಡಿ ಇಂಜೆಕ್ಷನ್ ಕೊಡ್ತ್ರಂಬ್ರ್. ಅದ್ನೂ ಬಸಳೆಗ್ ಕೊಡ್ತ್ರ್ಯಾ ಕಾಂಬ."

ಬಾಗಿಲು ತೆರೆದರೆ ಎದುರಿಗೆ ಮದುಮಕ್ಕಳು ನಿಂತಿದ್ದರು. ಹಿಂದೆ ವಿಡಿಯೋದವನು, ಅವನ ಹಿಂದೆ ಅರ್ಧ ಮಂಟಪ.

"ದೊಡ್ಡ ಮಾವ, ನಿಮ್ಮ್ ಆಶೀರ್ವಾದ ಆಗ್ದೆ ನಾನ್ ಊಟಕ್ಕೆ ಕೂರುದಿಲ್ಲೆ," ಎಂದು ದಿವ್ಯಾ ಕಾಲಿಗೆ ಬಾಗಿದಳು.

ಹೆಗ್ಡೆಯವರ ಎದೆ ಮತ್ತೆ ಉಬ್ಬಿತು. ಗಿಂಡಿಯನ್ನು ಎಡಗೈಗೆ ದಾಟಿಸಿದರು.

"ಕಿಟ್ಟ, ಅತ್ಲಾಗ್ ನಿಲ್ಲ್! ಧಾರೆ ಹೋದ್ರ್ ಹೋಯ್ಲಿ, ಆಶೀರ್ವಾದ ಮೊದ್ಲ್ ನಂದೇ!"

ಬಲಗೈ ಎತ್ತಿ, ಗಂಟಲು ಸರಿಮಾಡಿಕೊಂಡು, "ದೀರ್ಘ..." ಎಂದರು. ಪಕ್ಕದಲ್ಲಿ ಯಾರೋ ಕೈ ತೊಳೆಯಲು ನಲ್ಲಿ ತಿರುಗಿಸಿದರು.

"...ಸುಮಂಗಲೀ ಭವ" ಎಂಬುದು ಬಾಗಿಲು ಧಡಾರನೆ ಮುಚ್ಚಿಕೊಂಡ ಮೇಲೆ ಒಳಗಿನಿಂದ ಕೇಳಿಬಂತು.