ಪಟ್ಟದ ಬೊಂಬೆಯೂ ವರದರಾಜನ ಗಿಟಾರೂ

“ಇವತ್ತು ಸಂಜೆ ಮಳವಳ್ಳಿಯಲ್ಲಿ ನಿಮ್ಮಪ್ಪನ ಬಾಯಿಂದಲೇ ‘ಭೇಷ್’ ಅನ್ನಿಸ್ತೀನಿ ಕನಕ! ಅನ್ನಿಸದೇ ಹೋದರೆ ಈ ಗಿಟಾರು ಮಾರಿಬಿಡ್ತೀನಿ! ಇದು ವರದರಾಜನ ಮಾತು!”

ನವರಾತ್ರಿಯ ಮೊದಲ ದಿನ ಬೆಳಿಗ್ಗೆ, ಮಂಡ್ಯದ ಬಾಡಿಗೆ ಮನೆಯ ನಡುಮನೆಯಲ್ಲಿ, ಬನಿಯನ್ನಿನ ಮೇಲೆ ಗಿಟಾರು ನೇತುಹಾಕಿಕೊಂಡು ವರದರಾಜ ಈ ಭೀಷಣ ಪ್ರತಿಜ್ಞೆ ಮಾಡಿದ. ಹೆಂಡತಿ ಕನಕಲಕ್ಷ್ಮಿ ಬೊಂಬೆ ಕೂರಿಸುವ ಮೆಟ್ಟಿಲಿಗೆ ಬಿಳಿ ಪಂಚೆ ಹಾಸುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

“ಕೊಳ್ಳೋರು ಯಾರಾದ್ರೂ ಸಿಕ್ಕಿದ್ದಾರಾ?” ಎಂದಳು.

ಅದೇನು ಸಾಮಾನ್ಯ ಗಿಟಾರಲ್ಲ ಸ್ವಾಮಿ! ಬೆಂಗಳೂರಿನ ದಂಡು ಪ್ರದೇಶದಲ್ಲಿ ಮುರಿದುಹೋದ ಒಂದು ಬ್ಯಾಂಡಿನವರಿಂದ ತಂದ ಬೇಸ್ ಗಿಟಾರು. ಕರೆಂಟಿನದು! ತಂತಿ ನಾಲ್ಕೇ ನಾಲ್ಕು, ಆದರೆ ಒಂದೊಂದೂ ಎಮ್ಮೆ ಕಟ್ಟಿಹಾಕುವಷ್ಟು ಗಟ್ಟಿ. ಹೊಟ್ಟೆ ಪೂರ್ತಿ ಟೊಳ್ಳು, ಎದೆಯ ಮೇಲೆ ಪಿಟೀಲಿಗೆ ಇರುವಂತೆ ಎರಡು ಬಳುಕು ಕಂಡಿ. ಆಂಪ್ಲಿಫೈಯರಿಗೆ ಸಿಕ್ಕಿಸಿ ಒಂದು ಸಲ ಮೀಟಿದರೆ ಅಡುಗೆಮನೆಯ ಲೋಟಗಳೆಲ್ಲ ತಾವೇ ಜಾಗ ಬದಲಾಯಿಸಿಕೊಳ್ಳುತ್ತಿದ್ದವು.

ಆದರೆ ಮಾವ ಕಸ್ತೂರಿರಂಗಯ್ಯನವರು ಜಗ್ಗುವ ಆಸಾಮಿಯಲ್ಲ. ಮಳವಳ್ಳಿಯ ನಿವೃತ್ತ ಹೆಡ್‌ಮಾಸ್ಟರು, ಅಲ್ಲಿಯ ನವರಾತ್ರಿ ಸಮಿತಿಯ ಅಧ್ಯಕ್ಷರು. ಹೋದ ವರ್ಷ ಅಳಿಯನ ಆರ್ಕೆಸ್ಟ್ರಾ ಕೇಳಿ, ತುಂಬಿದ ಸಭೆಯಲ್ಲಿ ಮೈಕಿನ ಮುಂದೆಯೇ ಕೇಳಿದ್ದರು: “ಹಾಡೇನೋ ಚೆನ್ನಾಗಿತ್ತು. ಮಧ್ಯೆ ಮಧ್ಯೆ ಯಾರೋ ರಾಗಿ ಬೀಸ್ತಾ ಇದ್ದರಲ್ಲ, ಯಾರಪ್ಪಾ ಅದು?”

ಸಭೆ ಗೊಳ್ಳೆಂದು ನಕ್ಕ ಆ ನಗು ವರದರಾಜನ ಕಿವಿಯಲ್ಲಿ ವರ್ಷವಿಡೀ ಕುದಿಯುತ್ತಿತ್ತು. ತಪ್ಪು ತನ್ನದಲ್ಲ, ಹಳೆಯ ತಂತಿಯದು ಎಂದು ತೀರ್ಪು ಕೊಟ್ಟುಕೊಂಡು ಬೆಂಗಳೂರಿನಿಂದ ಹೊಸ ತಂತಿ ತರಿಸಿದ್ದ. ಅಂಗಡಿಯವನು, “ಒಂದು ಬಿಚ್ಚಿ, ಒಂದು ಕಟ್ಟಿ, ಆಮೇಲೆ ಇನ್ನೊಂದು” ಎಂದು ಹೇಳಿಕಳಿಸಿದ್ದನಂತೆ. ಹೇಳಿಸಿಕೊಳ್ಳುವುದು ಗಂಡಸಿನ ಜಾತಿಗುಣವೇ? ಪಂಚೆ ಮೇಲಕ್ಕೆ ಕಟ್ಟಿದವನೇ ನಾಲ್ಕೂ ತಂತಿಯನ್ನು ಒಂದೇ ಉಸಿರಿಗೆ ಬಿಚ್ಚಿ ಎಸೆದ!

ವೀಣೆಗೆ, ಪಿಟೀಲಿಗೆ ಇರುವಂತೆ ಈ ಗಿಟಾರಿಗೂ ತಂತಿಗಳನ್ನು ಎತ್ತಿಹಿಡಿಯುವ ಒಂದು ಕುದುರೆ ಇದೆ. ಗೇಣುದ್ದವೂ ಇಲ್ಲದ ಬೀಟೆಮರದ ತುಂಡು, ಕೆಳಗೆ ಎರಡು ಪುಟ್ಟ ಹಿತ್ತಾಳೆ ಚಕ್ರ. ಅದಕ್ಕೆ ಮೊಳೆಯಿಲ್ಲ, ಅಂಟಿಲ್ಲ. ತಂತಿ ಅದುಮಿ ಹಿಡಿದಿರುವಷ್ಟು ಹೊತ್ತು ಮಾತ್ರ ಅದರ ಬಾಳು. ತಂತಿ ಹೋಯಿತು, ಕುದುರೆ ಟಪ್ಪೆಂದು ಬಿತ್ತು, ಉರುಳಿಕೊಂಡು ಬೊಂಬೆ ಪೆಟ್ಟಿಗೆಯ ಹತ್ತಿರ ಹೋಗಿ ಕೂತಿತು. ಇದರ ಪರಿವೆಯೇ ಇಲ್ಲದ ವರದರಾಜ ಗಿಟಾರನ್ನು ಹಿತ್ತಲಿಗೆ ಒಯ್ದು, ಅದರ ಬೆನ್ನಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತ ಹಾಡು ಗುನುಗುತ್ತಿದ್ದ.

ಹೊಸ ತಂತಿ ಕಟ್ಟಲು ಒಳಗೆ ಬಂದಾಗ ಕಲಶವಿಟ್ಟಾಗಿತ್ತು, ಆರತಿಯೂ ಮುಗಿದಿತ್ತು. ತಂತಿ ಕಟ್ಟಿ ಬಿಗಿದರೆ ನಾಲ್ಕೂ ಮರಕ್ಕೆ ಅಂಟಿಕೊಂಡು ಮಲಗಿದವು. ಮೀಟಿದರೆ ‘ತಟ್’!

“ಕುದುರೆ! ನನ್ನ ಕುದುರೆ ಎಲ್ಲಿ?”

ಹುಡುಕಿದ. ಚಾಪೆ ಕೊಡವಿದ, ಗಿಟಾರನ್ನೇ ಬೋರಲು ಹಾಕಿ ಕುಲುಕಿದ. ಕಡೆಗೆ ಕಣ್ಣು ಬೊಂಬೆಗಳ ಮೇಲಿನ ಮೆಟ್ಟಿಲಿಗೆ ಹೋಯಿತು. ಅಲ್ಲಿ ಪಟ್ಟದ ಬೊಂಬೆ ರಾಜ ರಾಣಿಯರು ಮದುವೆ ಕಾಲದ ಜರಿ ಉಟ್ಟು ನಿಂತಿದ್ದರು. ರಾಣಿಯ ಕಾಲಡಿಯಲ್ಲಿ, ಹಿತ್ತಾಳೆ ಚಕ್ರ ಮಿರುಗಿಸುತ್ತ, ಅವನ ಕುದುರೆ!

“ಅದನ್ಯಾಕೆ ಅಲ್ಲಿಟ್ಟೆ ಮಾರಾಯ್ತಿ!”

“ಪೆಟ್ಟಿಗೆ ಹತ್ತಿರ ಬಿದ್ದಿತ್ತು. ನಮ್ಮ ರಾಣಿ ರಾಜನಿಗಿಂತ ಗಿಡ್ಡ ಕಾಣ್ತಾಳೆ ಅಂತ ಅತ್ತೆ ಪ್ರತಿ ವರ್ಷ ಕೊರಗ್ತಾರೆ. ಪುಟ್ಟ ಮಣೆ ಥರ ಇತ್ತು, ಇಟ್ಟೆ. ಎಷ್ಟು ಲಕ್ಷಣವಾಗಿದೆ ನೋಡಿ!”

ವರದರಾಜ ಕೈ ಚಾಚಿದ್ದೇ ತಡ, ದೇವರ ಮನೆಯಿಂದ ತಾಯಿ ಪಂಕಜಮ್ಮನವರ ಗುಡುಗು ಕೇಳಿಸಿತು. “ಮುಟ್ಟಿದೆಯೋ, ಕೈ ಮುರೀತೀನಿ! ಕೂರಿಸಿ ಆರತಿ ಆದ ಬೊಂಬೆ ಅದು. ವಿಜಯದಶಮಿ ದಿನ ಮಲಗಿಸೋವರೆಗೂ ಅಲುಗಿಸೋ ಹಾಗಿಲ್ಲ!”

“ಅಮ್ಮಾ, ಅದು ಗಿಟಾರಿನ ಕುದುರೆ!”

“ಇರಲಿ ಬಿಡೋ. ಮಹಾರಾಣಿ ಕುದುರೆ ಮೇಲೆ ನಿಲ್ಲದೆ ನಿನ್ನ ಸೈಕಲ್ ಮೇಲೆ ನಿಲ್ತಾಳಾ?”

ವರದರಾಜ ಅಲ್ಲೇ ಹೆಂಗಸರ ಮೌಢ್ಯದ ಮೇಲೆ ಭಾಷಣ ಶುರುಮಾಡಿದ. ಇಲ್ಲೊಂದು ಮಾತು ಹೇಳದಿದ್ದರೆ ಅನ್ನ ಅರಗುವುದಿಲ್ಲ. ಕತ್ತಲಿರುವಾಗಲೇ ಎದ್ದು, ಅಟ್ಟದಿಂದ ಪೆಟ್ಟಿಗೆ ಇಳಿಸಿ, ಒಂದೊಂದು ಬೊಂಬೆಯ ಮೂಗು ಕಿವಿ ಒರೆಸಿ, ಸೀರೆ ಉಡಿಸಿ, ಜೊತೆಗೆ ಅಡುಗೆಯನ್ನೂ ಬೇಯಿಸಿದವರು ಇಬ್ಬರು ಹೆಂಗಸರು. ಆ ಹೊತ್ತಿನಲ್ಲಿ ಈ ವಿಚಾರವಂತ ಮಾಡಿದ್ದೇನು? ‘ಕಾಫಿ ಆಯ್ತಾ?’ ಎಂದು ಎರಡು ಸಲ ಕೂಗಿದ್ದು! ಅದೇ ಮೌಢ್ಯದ ಸಂಜೆಯ ಕಡಲೆಕಾಳಿನ ಸುಂಡಲಿಗೆ ಮೊದಲು ಕೈಯೊಡ್ಡುವವನೂ ಇವನೇ. ಥೂ! ಇಂಥವರಿಗೆ ಭಾಷಣದ ಹಕ್ಕು ಕೊಟ್ಟವರು ಯಾರು?

ಕನಕಲಕ್ಷ್ಮಿ ಬೊಂಬೆ ನೋಡಲು ಬರುವ ಮಕ್ಕಳಿಗೆ ಬಾಗಿನದ ತಿಂಡಿ ಮಾಡಲು ಬೆಲ್ಲ ಜಜ್ಜುತ್ತಿದ್ದವಳು, ರೇಗಿ ಒಂದು ಅಚ್ಚು ಬೆಲ್ಲ ಎಸೆದಳು. “ತಂತಿ ಎತ್ತಿ ಹಿಡಿಯೋಕೆ ಏನಾದರೂ ಒಂದು ಬೇಕು ತಾನೆ? ತಗೊಳ್ಳಿ, ಇದನ್ನಿಟ್ಟುಕೊಂಡು ಕುಣೀರಿ!”

ಅವಳು ಅಂದದ್ದು ಕುಟುಕಲು. ವರದರಾಜ ಹಿಡಿದದ್ದು ಉಪಾಯವೆಂದು! ಬೆಲ್ಲವನ್ನು ತಂತಿಯಡಿ ತುರುಕಿದ. ಆಲೆಮನೆಯ ಗಟ್ಟಿ ಮಾಲು, ಸರಿಯಾದ ಎತ್ತರ. ಮೀಟಿದ. ‘ಗುಂಯ್!’ ಲೋಟಗಳು ನಡುಗಿದವು.

“ಕಂಡೆಯಾ ನನ್ನ ತಲೆ!” ಎಂದ.

ಮದ್ದೂರಿನ ಬಸ್ ನಿಲ್ದಾಣದಲ್ಲಿ ಆರ್ಕೆಸ್ಟ್ರಾದ ಹಾಡುಗಾರ ಚಿಕ್ಕಬೋರಯ್ಯ ಜೊತೆಯಾದ. ಗಿಟಾರು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

“ಲೇ ವರದ, ಇದೇನ್ಲಾ, ಗಿಟಾರ್‌ಗೆ ಇರುವೆ ಮುತ್ಕಂಡವೆ?”

“ಒಳಗೆ ಬೆಲ್ಲ ಇಟ್ಟಿದ್ದೀನಿ ಕಣೋ.”

“ಬೆಲ್ಲವಾ! ಬಾರ್ಸಕ್ಕೆ ಓಯ್ತಿದ್ದೀಯಾ, ಇಲ್ಲಾ ಪಾಯ್ಸ ಕಾಯ್ಸಕ್ಕೆ ಓಯ್ತಿದ್ದೀಯಾ?”

“ಸುಮ್ನಿರೋ! ಇವತ್ತು ನಮ್ಮ ಮಾವ ಭೇಷ್ ಅನ್ನದೇ ಹೋದರೆ ಗಿಟಾರು ಮಾರಬೇಕು. ಮಾತು ಕೊಟ್ಬಿಟ್ಟಿದ್ದೀನಿ.”

“ಅಂಗಾದ್ರೆ ಒಂದ್ ಮದ್ದೂರ್ ವಡೆನೂ ಮಡ್ಗು ಬುಡು,” ಎಂದು ಚಿಕ್ಕಬೋರಯ್ಯ ಕೈಲಿದ್ದ ವಡೆ ಮುರಿದ. “ಬೆಲ್ಲ ಕರಗೋದ್ರೆ ಅದಾದ್ರೂ ನಿಂತ್ಕತದೆ!”

ಮಳವಳ್ಳಿಯಲ್ಲಿ ಚಪ್ಪರ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಮಾವ, ಜರಿ ಪೇಟ, ಮಡಿಲಲ್ಲಿ ಕೋಲು. ವರದರಾಜ ಹೊಸ ಬೆಲ್‌ಬಾಟಂ ಪ್ಯಾಂಟು ತೊಟ್ಟು ದೊಡ್ಡ ದೊಡ್ಡ ಬಲ್ಬುಗಳ ಕೆಳಗೆ ನಿಂತ. ಮೊದಲ ಹಾಡಿಗೆ ‘ಗುಂಯ್’ ಗಂಭೀರವಾಗಿ ಹೊರಟಿತು. ಮಾವನವರ ಹುಬ್ಬು ಮೇಲೇರಿತು.

ಎರಡನೆಯ ಹಾಡಿಗೆ ಬಲ್ಬಿನ ಕಾವಿಗೆ ಬೆಲ್ಲ ಬೆವರಿತು. ತಂತಿಗಳು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯತೊಡಗಿದವು. ‘ಗುಂಯ್’ ಹೋಗಿ ‘ಗುಂ’ ಆಯಿತು, ‘ಗುಂ’ ಹೋಗಿ ‘ತಟ್’ ಆಯಿತು, ಕಡೆಗೆ ಅದೂ ಇಲ್ಲ! ತಂತಿಗಳು ಪಾಕದಲ್ಲಿ ಮೈಚಾಚಿ ಮಲಗಿಬಿಟ್ಟವು. ಈಗ ನಿಲ್ಲಿಸಿದರೆ ಮಾನ ಹೋಯಿತು! ವರದರಾಜ ಏನೂ ಆಗದವನಂತೆ ಬೆರಳಾಡಿಸುತ್ತ, ಕಣ್ಣು ಮುಚ್ಚಿ ತಲೆದೂಗುತ್ತ ನಿಂತ.

ಅಷ್ಟರಲ್ಲಿ ಟೊಳ್ಳು ಹೊಟ್ಟೆಯೊಳಗೆ ಬಿಡಾರ ಹೂಡಿದ್ದ ಇರುವೆ ಸೈನ್ಯ ಎರಡೂ ಕಂಡಿಗಳಿಂದ ದಂಡೆತ್ತಿ ಹೊರಟಿತು. ಒಂದು ದಳ ತೋಳಿಗೆ ನುಗ್ಗಿತು. ಇನ್ನೊಂದು ದಳ ಪಾಕದ ಹನಿ ಹಿಡಿದು ಕೆಳಗಿಳಿದು, ಬೆಲ್‌ಬಾಟಮ್ಮಿನ ವಿಶಾಲ ಮಹಾದ್ವಾರದಿಂದ ಒಳಗೆ ಹೊಕ್ಕಿತು. ವರದರಾಜ ಒಮ್ಮೆ ಬಲಗಾಲು ಝಾಡಿಸಿದ, ಒಮ್ಮೆ ಎಡಗಾಲು. ಆಮೇಲೆ ಎರಡನ್ನೂ! ಎಂಥ ಕುಣಿತ! ಪಡ್ಡೆ ಹುಡುಗರು ಸಿಳ್ಳೆ ಹಾಕಿದರು.

“ಕುಣೀ ಕಣ್ಲಾ, ನಿಲ್ಲಿಸ್‌ಬ್ಯಾಡ!” ಎಂದು ಚಿಕ್ಕಬೋರಯ್ಯ ಹಾಡಿನ ನಡುವೆಯೇ ಪಿಸುಗುಟ್ಟಿದ.

ಹಾಡು ಮುಗಿಯಿತು. ಕಸ್ತೂರಿರಂಗಯ್ಯನವರು ಕೋಲೂರಿಕೊಂಡು ಎದ್ದು ಮೈಕಿನ ಹತ್ತಿರ ಬಂದರು. ಗಿಟಾರು ಉಳಿಯುವುದೋ, ಹೋಗುವುದೋ!

“ಭೇಷ್!” ಎಂದರು ಮಾವ.

ವರದರಾಜ ಇರುವೆ ಕಡಿತವನ್ನೂ ಮರೆತ.

“ಭೇಷ್ ಅಳಿಯಂದಿರೇ! ಹೋದ ವರ್ಷದ ಆ ರಾಗಿ ಬೀಸೋ ಸದ್ದು ಇವತ್ತು ಒಂದಿಷ್ಟೂ ಇರಲಿಲ್ಲ. ಹಾಡು ಎಷ್ಟು ನಿಚ್ಚಳವಾಗಿ ಕೇಳಿಸ್ತು! ವಾದ್ಯ ಅಂದರೆ ಹೀಗೆ ನುಡಿಸಬೇಕು. ಮುಂದಿನ ವರ್ಷವೂ ದಯವಿಟ್ಟು ಇದೇ ಥರ ಬಾರಿಸಿ!”

ಮರುದಿನ ಮೈತುಂಬ ದದ್ದು ಹೊತ್ತು ಮನೆಗೆ ಬಂದವನನ್ನು ಕನಕಲಕ್ಷ್ಮಿ ಬಾಗಿಲಲ್ಲೇ ಕೇಳಿದಳು. “ಅಪ್ಪ ಏನಂದರು?”

“ಭೇಷ್ ಅಂದರು,” ಎಂದ ವರದರಾಜ, ಮೊಣಕಾಲು ಕೆರೆಯುತ್ತ.

“ನಿಜವಾಗ್ಲೂ? ಹಾಗಾದರೆ ವಿಜಯದಶಮಿ ಆದ ಕೂಡಲೇ ನಿಮ್ಮ ಕುದುರೆ ತೆಗೆದುಕೊಡ್ತೀನಿ, ಆಯ್ತಾ?”

ವರದರಾಜ ಗಿಟಾರನ್ನು ಮೂಲೆಗೆ ಒರಗಿಸಿ, ರಾಣಿಯತ್ತ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟ.

“ಬೇಡ ಬಿಡು, ರಾಣಿಗೇ ಇರಲಿ. ಮುಂದಿನ ವರ್ಷಕ್ಕೆ ಇನ್ನೊಂದು ಅಚ್ಚು ಬೆಲ್ಲ ತೆಗೆದಿಡು.”