ಫೈಬರಿನ ಪರವಾಗಿ ಒಂದು ಕಾಲು

ಉಕ್ಕನ್ನು ಹೊಗಳುವವರ ಮಾತಿಗೆ ನಾನು ತಲೆಯಾಡಿಸುವುದಿಲ್ಲ. ಅವರು ಹೊಗಳುವುದು ಉಕ್ಕನ್ನಲ್ಲ, ತಮ್ಮ ಹರೆಯವನ್ನು. ನಮ್ಮ ಮಾವನವರನ್ನೇ ನೋಡಿ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ವ್ಯಾಪಾರ ಮಾಡಿದವರು. ಅವರ ಜೀಪು ಒಮ್ಮೆ ಮಳಖೇಡದ ಹತ್ತಿರ ಎತ್ತಿನ ಗಾಡಿಗೆ ಗುದ್ದಿತಂತೆ, ಜೀಪಿಗೆ ಗೀರೂ ಬೀಳಲಿಲ್ಲವಂತೆ. ನನ್ನ ಮದುವೆಯ ಹೊಸದರಲ್ಲಿ ಕೇಳಿದಾಗ ಅದು ಎತ್ತಿನ ಗಾಡಿ. ಈಗ ಸಿಮೆಂಟು ತುಂಬಿದ ಲಾರಿ. ಅವರು ನೂರು ವರ್ಷ ಬಾಳಲಿ. ಅಷ್ಟರೊಳಗೆ ವಾಡಿ ಜಂಕ್ಷನ್ನಿನಲ್ಲಿ ರೈಲಿಗೇ ಗುದ್ದಿಸಿರುತ್ತಾರೆ. ಎತ್ತಿನ ಗಾಡಿ ಎಂಬುದು ನನ್ನ ನೆನಪು. ಅದನ್ನೂ ನಾನು ಪೂರ್ತಿ ನಂಬುವುದಿಲ್ಲ, ಆ ಮಾತು ಬೇರೆ.

ಆ ಜೀಪಿನ ಚಾಸಿ ಕೊನೆಗೆ ಚಿತ್ತಾಪುರದ ನಮ್ಮ ಅಂಗಳಕ್ಕೆ ಬಂತು. ಅದರ ಮೇಲೆ ದೊಡ್ಡ ಇಂಜಿನ್ ಕೂರಿಸಿ, ಚಾವಣಿಯಿಲ್ಲದ, ಉದ್ದ ಮೂತಿಯ ಹಾಟ್‌ರಾಡ್ ಕಾರು ಕಟ್ಟಿ, ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಚಿಂಚೋಳಿಯ ಗುಡ್ಡ ಹತ್ತಬೇಕೆಂಬುದು ನನ್ನ ಹುಚ್ಚು. ಬಾಡಿ ಯಾವುದರದು? ವಾಡಿಯ ವೆಲ್ಡರ್ ಉಕ್ಕಿನ ತಗಡು ಬಡಿದು ಕೊಡುತ್ತೇನೆಂದ. ಸೇಡಂನವನೊಬ್ಬ ಫೈಬರಿನಲ್ಲಿ ಅಚ್ಚು ಹಾಕುತ್ತೇನೆಂದ. ನಮ್ಮ ಕಡೆ ಸಿಮೆಂಟಿನ ಧೂಳಿಗೆ ಇಬ್ಬನಿ ಸೇರಿದರೆ ಗಾಡಿಯನ್ನು ಒರೆಸುವುದಿಲ್ಲ, ಕೆತ್ತುತ್ತೇವೆ. ಬಣ್ಣವೂ ಜೊತೆಗೇ ಏಳುತ್ತದೆ. ಆಮೇಲೆ ಒಂದು ಮಳೆ ಬಿದ್ದರೆ ಉಕ್ಕಿಗೆ ತುಕ್ಕು. ಫೈಬರಿಗೆ ಆ ರೋಗವಿಲ್ಲ.

ಹೆಂಡತಿ ಮಹಾದೇವಿಯ ತೀರ್ಪು ಬೇರೆ. “ಅಪ್ಪ ಹೂಂ ಅಂದ್ರ ಕುಂದರ್ತೀನಿ. ಇಲ್ಲಂದ್ರ ನನಗ ಬಸ್ಸೇ ಛಲೋ.” ನನಗೆ ರೋಷ ಬಂತು. ಮಾವನವರ ಹೂಂ ಇಲ್ಲದೆಯೇ ಇವಳನ್ನು ಕೂರಿಸುತ್ತೇನೆಂದು ಇಂಜಿನ್ ಕೂರಿಸುವ ಮೊದಲೇ ಫೈಬರನ್ನೇ ತರಿಸಿ ಜೋಡಿಸಿದೆ.

ಮಾವನವರು ಬಂದರು. ಕಣ್ಣಿನಿಂದ ನೋಡಲಿಲ್ಲ, ಕಿವಿ ಹಚ್ಚಿದರು. ಪರಸಿಯನ್ನು ಬಡಿದು ಕೇಳಿಯೇ ಕೊಳ್ಳುವುದು ಅವರ ವ್ಯಾಪಾರದ ಪದ್ಧತಿ: ಠಣ್ ಎಂದರೆ ಗಟ್ಟಿ, ಬದ್ ಎಂದರೆ ಒಳಗೆ ಬಿರುಕು. ಬೆರಳ ಗೆಣ್ಣಿನಿಂದ ಬಾನೆಟ್ಟನ್ನು ಬಡಿದರು. ಬದ್.

“ಅಳಿಯಂದ್ರ, ಇದು ಒಡದದ. ವಾಪಸ್ ಕಳಸ್ರಿ.”

“ಒಡದಿಲ್ರಿ ಮಾವ. ಅದು ಕಲ್ಲಲ್ಲ, ಫೈಬರ್.”

“ಏನರ ಇರ್ಲಿ, ಠಣ್ ಅನ್ನಬೇಕು.”

ಓಣಿಯವರೆಲ್ಲ ಸರದಿಯ ಮೇಲೆ ಬಡಿದರು. ಪಕ್ಕದ ಮನೆಯ ಶರಣಮ್ಮ, “ನಮ್ಮ ನೀರಿನ ಟಾಕಿನೂ ಖಾಲಿ ಇದ್ದಾಗ ಹಿಂಗೇ ಅಂತದ ನೋಡ್ರಿ” ಎಂದು ಸಮಾಧಾನ ಹೇಳಿದರು. ಬಾನೆಟ್ಟಿನ ಮೇಲೆ ಹತ್ತಬೇಡಿ ಎಂದು ಸೇಡಂನವನು ಹೇಳಿದ್ದ. ಆದರೆ ಟಾಕಿಯ ಮಾತು ಕೇಳಿದ ಮೇಲೆ ಯಾವ ಗಂಡಸು ಕೆಳಗೆ ನಿಲ್ಲುತ್ತಾನೆ? “ನೋಡ್ರಿ ಇದರ ತಾಕತ್ತು!” ಎಂದು ಹತ್ತಿ ನಿಂತೆ.

ಎಡಗಾಲು ತೊಡೆಯವರೆಗೆ ಒಳಗೆ ಹೋಯಿತು. ಹಾಗೇ ನಿಂತು ವಾದ ಮುಂದುವರಿಸಿದೆ: “ಉಕ್ಕಾಗಿದ್ರ ದಿನಪೂರ್ತಿ ಬಡೀಬೇಕಿತ್ತು. ಇದಕ್ಕ ಒಂದು ತ್ಯಾಪಿ ಹಚ್ಚಿದ್ರ ಮುಗೀತು!”

ಮಾವನವರು ಹತ್ತಿರ ಬಂದರು. ನನ್ನ ಮೊಣಕೈ ಹಿಡಿದು ಜಗ್ಗಿ ನೋಡಿದರು, ಕಾಲು ಹೊರಗೆ ಬರಲಿಲ್ಲ. ಅಷ್ಟರಲ್ಲಿ ಮಹಾದೇವಿಗೆ ನಗು ಶುರುವಾಯಿತು. “ಅಯ್ಯೋ, ನಿಂದ್ರಲಿಕ್ಕ ಆಗವಲ್ದು” ಎಂದು ಹೊಟ್ಟೆ ಹಿಡಿದುಕೊಂಡು ಸಿಕ್ಕಲ್ಲಿ ಕುಳಿತಳು. ಸಿಕ್ಕಿದ್ದು ಡ್ರೈವರ್ ಸೀಟು.

ಮಾವನವರು ಇನ್ನೂ ಹೂಂ ಅಂದಿರಲಿಲ್ಲ. ಗೆದ್ದೆ. ಯಾರೇನೇ ಅನ್ನಲಿ, ಗೆದ್ದೆ. ಅವಳು ಸ್ಟೇರಿಂಗ್ ಮೇಲೆ ಎರಡೂ ಕೈಯಿಟ್ಟು, ಕಣ್ಣೊರೆಸಿಕೊಂಡು, ಬಾನೆಟ್ಟಿನಲ್ಲಿ ನೆಟ್ಟಿದ್ದ ನನ್ನನ್ನು ನೋಡಿದಳು.

“ರೀ, ಸ್ವಲ್ಪ ಬಾಜೂಕ ಸರೀರಿ. ಮುಂದಿನ ದಾರಿ ಕಾಣವಲ್ದು.”