ಗುರುತೇ ಸಿಗಬಾರದೆಂದ ಮಾವ

ನಮ್ಮ ಸೋದರಮಾವನ ಗುರುತು ಯಾರಿಗೂ ಸಿಗುವುದಿಲ್ಲ! ಹಾಗೆಂದು ಅವನು ನಂಬಿದ್ದಾನೆ. ಮಧುಗಿರಿ ಬಸ್ ಸ್ಟ್ಯಾಂಡಿಗೆ ಹೋಗಿ, "ಏಪ್ರಿಲ್ ಬಿಸಿಲಲ್ಲಿ ಮಂಕಿ ಟೋಪಿ ಹಾಕಿಕೊಂಡು, ಫೋನಿನ ಕ್ಯಾಮೆರಾಗೆ ಗಾಯದ ಪಟ್ಟಿ ಅಂಟಿಸಿಕೊಂಡು ಓಡಾಡೋ ಮೇಷ್ಟ್ರು ಎಲ್ಲಿ?" ಎಂದು ಕೇಳಿ ನೋಡಿ. ಕಡಲೆಕಾಯಿ ಮಾರುವವರಿಂದ ಹಿಡಿದು ಕಂಡಕ್ಟರುಗಳವರೆಗೆ ಎಲ್ಲರೂ ಒಟ್ಟಿಗೆ ಮಿಡಿಗೇಶಿ ಬಸ್ಸಿನತ್ತ ಕೈ ತೋರಿಸುತ್ತಾರೆ.

ಮಾವ ಬಡವನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮನೆ ಮಿಡಿಗೇಶಿಯಲ್ಲಿ. ಮನೆಯಲ್ಲಿ ಅತ್ತೆ ಇದ್ದಾಳೆ, ಮಾವನ ತಾಯಿ, ಅಂದರೆ ನನ್ನ ಅಜ್ಜಿ ಇದ್ದಾಳೆ. ಅಜ್ಜಿಗೆ ಕಣ್ಣು ಪೂರ್ತಿ ಮಂಜು. ಈಚೆಗೆ ಮರೆವೂ ಜೊತೆಗೂಡಿದೆ. ಹೊಟ್ಟೆಯಲ್ಲಿ ಹುಟ್ಟಿದ ನನ್ನ ಅಮ್ಮನನ್ನೇ ಪಕ್ಕದ ಮನೆಯವಳು ಅನ್ನುತ್ತಾಳೆ. ನಾನು ಹೋದರೆ, "ಯಾರ್ ಮಗಳವ್ವಾ ನೀನು?" ಎಂದು ಮರ್ಯಾದೆಯಿಂದ ವಿಚಾರಿಸುತ್ತಾಳೆ. ಮಾವನನ್ನು ಮಾತ್ರ ಮರೆತಿಲ್ಲ. ಬೀದಿಯಲ್ಲಿ ಅವನ ಚರ್ಮದ ಮೆಟ್ಟು ಕಿರ್ರೆಂದು, ಗಂಟಲು ಒಮ್ಮೆ ಖ್ರೂಂ ಎಂದರೆ ಸಾಕು, "ನನ್ ಮಗ ಬಂದ" ಎಂದು ಎದ್ದು ಕೂರುತ್ತಾಳೆ. ರಾತ್ರಿಯ ಮುದ್ದೆಯನ್ನು ಅವನ ಕೈಯಿಂದಲೇ ತಿನ್ನಬೇಕು, ಬೇರೆ ಯಾರು ಕೊಟ್ಟರೂ ಬಾಯಿ ತೆರೆಯುವುದಿಲ್ಲ.

"ಒಂದಿನ ನನ್ನೂ ಮರ್ತುಬುಟ್ರೆ ಏನೇ ಮಾಡೋದು?" ಎಂದು ಮಾವ ಆಗಾಗ ನನ್ನನ್ನು ಕೇಳುತ್ತಾನೆ. ಅವನಿಗಿರುವ ದೊಡ್ಡ ಭಯ ಅದೊಂದೇ.

ಇಂಥವನು ಗುರುತು ಮರೆಸುವ ಹುಚ್ಚಿಗೆ ಬಿದ್ದದ್ದು ಹೇಗೆ? ಎಲ್ಲ ತಲೆಗೂದಲಿನ ಮಹಿಮೆ! ನೆತ್ತಿ ಬರಿದಾಗುತ್ತಿದೆ ಎಂದು ಮಾವ ಗುಟ್ಟಾಗಿ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಎಣ್ಣೆಯನ್ನು ಹುಡುಕಿದ್ದ. ಮರುದಿನ ಅದೇ ಲ್ಯಾಪ್‌ಟಾಪನ್ನು ಶಾಲೆಯ ಪ್ರೊಜೆಕ್ಟರಿಗೆ ಸಿಕ್ಕಿಸಿ ಎಂಟನೇ ಕ್ಲಾಸಿಗೆ ಮೌರ್ಯ ಸಾಮ್ರಾಜ್ಯದ ನಕ್ಷೆ ತೋರಿಸುತ್ತಿದ್ದಾನೆ, ಸಾಮ್ರಾಜ್ಯದ ಪಕ್ಕದಲ್ಲೇ ಗೋಡೆಯಷ್ಟು ದೊಡ್ಡ ಜಾಹೀರಾತು, "ಬೋಳುತಲೆಯೇ? ಚಿಂತೆ ಬಿಡಿ!" ಮಕ್ಕಳು ಒಮ್ಮೆ ಗೋಡೆ ನೋಡಿದರು, ಒಮ್ಮೆ ಮೇಷ್ಟ್ರ ತಲೆ ನೋಡಿದರು. ಆ ವರ್ಷ ಮೌರ್ಯರ ಪ್ರಶ್ನೆಗೆ ತಪ್ಪು ಬರೆದವರು ಒಬ್ಬರೂ ಇಲ್ಲವಂತೆ!

ಮನೆಗೆ ಬಂದು ಕುಕೀ, ಹಿಸ್ಟರಿ ಎಲ್ಲ ಅಳಿಸಿ ಹಾಕಿದ. ವಾರದೊಳಗೆ ಬೋಳುತಲೆ ಮತ್ತೆ ಹಾಜರ್! ಮಾವ ಹಟಕ್ಕೆ ಬಿದ್ದು ಓದಿದ, ವಿಡಿಯೋ ನೋಡಿದ, ಕೊನೆಗೆ ಫೋನು ಮಾಡಿ ಕೂಗಿದ.

"ಸಿಕ್ತು ಕಣಮ್ಮ! ಬ್ರೌಸರ್ ಫಿಂಗರ್‌ಪ್ರಿಂಟಿಂಗ್ ಅಂತಾರೆ ಇದಕ್ಕೆ!"

"ಹಂಗಂದ್ರೆ ಏನ್ ಮಾವ?"

"ನಮ್ದು ಕುರಿ ಕಾದ ಮನೆ, ನಿಂಗೆ ಇಷ್ಟೂ ಗೊತ್ತಾಗಲ್ವಾ? ಬೇರೇರ ಮಂದೇಲಿ ಬೆರೀದಿರ್ಲಿ ಅಂತ ಕುರಿ ಬೆನ್ನಿಗೆ ಬಣ್ಣ ಬಳೀತೀವಲ್ಲ, ಅದೇ ಕುಕೀ. ಬಣ್ಣ ತೊಳೆದ್ಬುಟ್ರೆ ಕುರಿ ಗುರುತು ಸಿಗಲ್ವಾ? ಕಿವಿ ಸೀಳಿರೋದು, ಕಾಲು ಎಳೆಯೋದು, ಕೂಗೋ ಕೂಗು, ಎಲ್ಲಾ ಸೇರ್ಸಿ ನಿಮ್ಮಜ್ಜಿ ಕಣ್ಮುಚ್ಕಂಡು ಹಿಡೀತಿದ್ಲು. ಈ ವೆಬ್‌ಸೈಟುಗಳೂ ಅಂಗೇಯ! ಸ್ಕ್ರೀನ್ ಎಷ್ಟಗ್ಲ, ಭಾಷೆ ಯಾವ್ದು, ಗಡಿಯಾರ ಯಾವ್ ದೇಶದ್ದು, ಯಾವ್ಯಾವ್ ಫಾಂಟ್ ಐತೆ, ಎಲ್ಲಾ ಜೋಡಿಸ್ಕಂಡು 'ಇವ್ನೇ ಆ ಬೋಳ' ಅಂತ ಹಿಡೀತವೆ!"

ಅಂದಿನಿಂದ ಯುದ್ಧ ಶುರು. ಲ್ಯಾಪ್‌ಟಾಪಿನ ಭಾಷೆಯನ್ನು ಫ್ರೆಂಚ್ ಮಾಡಿದ. ವಾಪಸ್ ಕನ್ನಡ ಮಾಡೋಣವೆಂದರೆ ಆ ಜಾಗದ ಹೆಸರೂ ಫ್ರೆಂಚಿನಲ್ಲಿ! ಗಡಿಯಾರವನ್ನು ಎಲ್ಲೋ ಸಮುದ್ರದ ನಡುವಿನ ದ್ವೀಪಕ್ಕೆ ತಿರುಗಿಸಿದ. ಇಲಾಖೆಯ ಆನ್‌ಲೈನ್ ತರಬೇತಿ ಮುಗಿದು ಎಲ್ಲರೂ ಎದ್ದು ಹೋದಮೇಲೆ ಮಾವ ಒಳಬಂದು ಶಿಸ್ತಾಗಿ ನಮಸ್ಕಾರ ಹೇಳಿದ. ಕೇಳಿದ ಕಡೆಯಲ್ಲೆಲ್ಲ ಸುಳ್ಳು ಹುಟ್ಟಿದ ತಾರೀಖು ಕೊಟ್ಟ. ಆ ದಿನ ಬಂದಾಗ ಸ್ಟಾಫ್ ರೂಮಿನಲ್ಲಿ ಕೇಕು ಕಾದಿತ್ತು, ಇವನೇ ಮರೆತಿದ್ದ!

ಮನೆಯವರಿಗೂ ಒಂದು ಕಾನೂನು ಬಂತು. ಹೊಸಬರು ಬಂದು ಏನೇ ಕೇಳಿದರೂ ಮಾವನ ವಿಷಯ ಒಂದಕ್ಷರವೂ ಹೇಳಕೂಡದು. ಬಾಗಿಲ ಮೇಲೆ ಅವನ ಹೆಸರಿನ ಬೋರ್ಡಿದೆಯಲ್ಲ ಎಂದು ನಾನು ಕೇಳಿದ್ದಕ್ಕೆ, "ಅದು ಮನೆ ಕಟ್ಟಿಸ್ದಾಗ ಹಾಕ್ಸಿದ್ದು, ಅಧಿಕಪ್ರಸಂಗ ಮಾಡ್ಬ್ಯಾಡ" ಎಂದ. ಅಜ್ಜಿಯ ಮಂಚದ ಪಕ್ಕ ಕೂತು ಅವಳಿಗೂ ಪಾಠ ಹೇಳಿದ. ಅಜ್ಜಿ, "ಆಯ್ತು ಬುಡ್ಲಾ, ಯಾರ್ಗೂ ಹೇಳಾಕಿಲ್ಲ" ಎಂದು ಒಪ್ಪಿಕೊಂಡಳು. ಅವಳಿಗೆ ಎಷ್ಟು ಅರ್ಥವಾಯಿತೋ ದೇವರೇ ಬಲ್ಲ.

ಶಿರಾಕ್ಕೆ ಹೋದಾಗ ನನ್ನನ್ನು ಬಿರಿಯಾನಿ ಹೋಟೆಲಿಗೆ ಕರೆದುಕೊಂಡು ಹೋದ. ಗಲ್ಲಾದ ಮೇಲಿದ್ದ ಹೊಸ ಹುಡುಗಿ ಬಿಲ್ಲಿಗೆ ಫೋನ್ ನಂಬರ್ ಕೇಳಿದಳು.

"ನಂಬರ್ ಯಾಕಮ್ಮ? ಬಿರಿಯಾನಿ ತಿಂದಿದ್ದೀನಿ, ನಿಮ್ಮನೇಲಿ ಸಂಬಂಧ ಮಾಡಾಕೆ ಬಂದಿಲ್ಲ!"

ಒಳಗಿನಿಂದ ಮಾಲೀಕರು ನಗುತ್ತಾ ಬಂದರು. "ಅರೆ ಮೇಷ್ಟ್ರೇ, ನಂಬರ್ ಬ್ಯಾಡ ಬಿಡಿ! ನಂಬರ್ ಕೊಡಲ್ಲ ಅಂತ ಜಗಳ ಆಡೋರು ಇಡೀ ಶಿರಾದಲ್ಲಿ ನೀವೊಬ್ರೇ. ಮೆಟ್ಟಿನ ಸದ್ದು ಕೇಳ್ತಿದ್ದಂಗೇ ನಿಮ್ ಪ್ಲೇಟ್ ರೆಡಿ ಮಾಡ್ತೀವಲ್ಲ ಸಾಬ್!"

ಮಾವನ ಮುಖ ಸಪ್ಪಗಾಯಿತು. ಮನೆಗೆ ಬಂದಮೇಲೆ ನಾನಾದರೂ ಸಮಾಧಾನ ಮಾಡೋಣವೆಂದು, ಬ್ರೌಸರಿನ ಗುರುತನ್ನು ಪರೀಕ್ಷಿಸುವ ಒಂದು ತಾಣವನ್ನು ಅವನ ಲ್ಯಾಪ್‌ಟಾಪಿನಲ್ಲಿ ತೆರೆದೆ. ಅದು ಅಳೆದು ಸುರಿದು ಹೇಳಿದ್ದಿಷ್ಟು: ಇಲ್ಲಿಗೆ ಬಂದವರಲ್ಲಿ ನಿಮ್ಮಂಥವರು ಇನ್ನೊಬ್ಬರಿಲ್ಲ!

ಅತ್ತೆ ಅಡುಗೆಮನೆಯಿಂದಲೇ, "ಇದನ್ನೇ ಅಲ್ವಾ ಮದ್ವೆ ಆದಾಗ್ನಿಂದ ನಾನು ಬಡ್ಕಂತಿರೋದು! ಅದಕ್ಕೊಂದು ಮಿಷನ್ ಬೇಕಿತ್ತಾ?" ಅಂದಳು.

ಯೋಚಿಸಿ ನೋಡಿ. ಪ್ರಶ್ನೆಪತ್ರಿಕೆ ಟೈಪು ಮಾಡಲೆಂದು ಮಾವ ಕಂಡವರ ಪೆನ್‌ಡ್ರೈವಿನಿಂದೆಲ್ಲ ಕನ್ನಡ ಫಾಂಟು ತುಂಬಿಕೊಂಡಿದ್ದ. ಮಿಡಿಗೇಶಿಯಲ್ಲಿ ಕೂತು, ಫ್ರೆಂಚ್ ಭಾಷೆ, ದ್ವೀಪದ ಗಡಿಯಾರ ಇಟ್ಟುಕೊಂಡು, ಅಷ್ಟೊಂದು ಕನ್ನಡ ಫಾಂಟು ಸಾಕಿರುವ ಇನ್ನೊಬ್ಬ ಈ ಭೂಮಿಯ ಮೇಲೆ ಎಲ್ಲಿ ಸಿಕ್ಕಾನು? ಬಚ್ಚಿಟ್ಟುಕೊಳ್ಳಲು ಮಾಡಿದ ಒಂದೊಂದು ಉಪಾಯವೂ ಇವನಿಗೆ ಒಂದೊಂದು ಕಿವಿ ಸೀಳಾಗಿತ್ತು!

ಮಾವ ಕೂತಲ್ಲಿಂದ ಹಾರಿ ನಿಂತ. "ತಿಳೀತು ಕಣಮ್ಮ! ಮುಖ ಮುಚ್ಕಂಡ್ರೆ ಆಗಲ್ಲ. ಎಲ್ರಂಗೇ ಇರ್ಬೇಕು!" ಫಾಂಟು ಕಿತ್ತ, ಭಾಷೆ, ಗಡಿಯಾರ ಸರಿ ಮಾಡಿದ, ಬಳಸುವವರೆಲ್ಲ ಒಂದೇ ಥರ ಕಾಣುವಂತೆ ಮಾಡುವ ಬ್ರೌಸರ್ ಒಂದನ್ನು ಹಾಕಿಕೊಂಡ. ಮುಂದಿನ ವಾರ ಅವನಿಗೆ ಬಂದ ಜಾಹೀರಾತು ಟ್ರ್ಯಾಕ್ಟರ್ ಟೈರಿನದು! ಮನೆಯಲ್ಲಿ ಇರುವುದು ಒಂದು ಸೈಕಲ್ಲು. "ಗೆದ್ದೆ! ಅವಕ್ಕೆ ನಾನ್ಯಾರು ಅಂತ್ಲೇ ಗೊತ್ತಿಲ್ಲ!" ಎಂದು ಕುಣಿದಾಡಿಬಿಟ್ಟ.

ಅಷ್ಟಕ್ಕೇ ನಿಂತಿದ್ದರೆ ಅವನು ನಮ್ಮ ಮಾವ ಹೇಗಾದಾನು? ಬಿರಿಯಾನಿ ಹೋಟೆಲಿನ ಮಾತು ಮನಸ್ಸಿನಲ್ಲಿ ಉಳಿದಿತ್ತು. ಮಂಕಿ ಟೋಪಿ ತೆಗೆದ. ಮೆಟ್ಟನ್ನು ಹಿತ್ತಿಲಿಗೆ ಎಸೆದು, ಊರಿನವರೆಲ್ಲ ಹಾಕುವ ರಬ್ಬರ್ ಚಪ್ಪಲಿ ತಂದ. ಗಂಟಲು ಕೆರೆಯುವುದನ್ನೂ ಬಿಟ್ಟ. ನಾನು ಅವತ್ತು ಅಲ್ಲೇ ಇದ್ದೆ. ಸಂಜೆ ಸದ್ದಿಲ್ಲದೆ ಒಳಗೆ ಬಂದು, ಮುದ್ದೆಯ ತಟ್ಟೆ ಹಿಡಿದು ಅಜ್ಜಿಯ ಮುಂದೆ ಕೂತು, ತುತ್ತನ್ನು ಅವಳ ಬಾಯಿಯ ಹತ್ತಿರ ಹಿಡಿದ.

ಅಜ್ಜಿ ಮುಖ ಹಿಂದಕ್ಕೆ ತೆಗೆದುಕೊಂಡಳು. "ಯಾರಪ್ಪಾ ನೀನು?"

"ಅವ್ವಾ, ನಾನು ಕಣವ್ವ."

"ನೀನು ಅಂದ್ರೆ? ನನ್ ಮಗ ಬರ್ಲಿ. ಆಮ್ಯಾಕೆ ಉಣ್ತೀನಿ."

ಅತ್ತೆ ಬಾಗಿಲಲ್ಲಿ ಹಾಗೇ ನಿಂತಳು. ಮಾವ ತುತ್ತನ್ನು ತಟ್ಟೆಗೇ ಹಾಕಿದ. ತಟ್ಟೆ ಕೆಳಗಿಟ್ಟು ಎದ್ದವನು ಹಿತ್ತಿಲಿಗೆ ಓಡಿದ. ಸೌದೆಯ ಸಂದಿಯಲ್ಲಿ ಬಿದ್ದಿದ್ದ ಮೆಟ್ಟು ಹುಡುಕಿ ಮೆಟ್ಟಿಕೊಂಡು, ಮನೆ ಸುತ್ತಿ ಬೀದಿಗೆ ಹೋದ. ಕಿರ್ರ್, ಕಿರ್ರ್ ಎನ್ನುತ್ತಾ ಅಂಗಳ ದಾಟಿದ, ಹೊಸಿಲು ದಾಟಿದ, ಮೆಟ್ಟು ಬಿಡದೆಯೇ ಮಂಚದವರೆಗೆ ನಡೆದು ಬಂದು, ಒಮ್ಮೆ ಖ್ರೂಂ ಎಂದ. ಹೊಸಿಲೊಳಗೆ ಚಪ್ಪಲಿ ತಂದರೆ ರಂಪ ಎಬ್ಬಿಸುವ ಅತ್ತೆಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದಳು.

ಅಜ್ಜಿಯ ಮುಖ ಅರಳಿತು. "ಬಂದ್ಯಾ ಮಗ?" ಎಂದು ಕೈ ಚಾಚಿ ಅವನ ಬೋಳುತಲೆಯನ್ನು ಹತ್ತಿರಕ್ಕೆ ಎಳೆದುಕೊಂಡು, ನಮಗೆ ಯಾರಿಗೂ ಕೇಳಬಾರದೆಂಬಂತೆ ಪಿಸುಗುಟ್ಟಿದಳು.

"ಯಾರೋ ಬಂದಿದ್ದ ಕಣ್ಲಾ, ಹೊಸಬ. ನಿನ್ ಇಚಾರ ಒಂದಕ್ಷರನೂ ಹೇಳಿಲ್ಲ ಬುಡು."